ಗೇರ್‌ಬಾಕ್ಸ್ ಇಲ್ಲದ ಕಾರು

ಉಮರ್ಗಾ ಇನ್ನೂ ದಾಟಿರಲಿಲ್ಲ, ಕಾರಿನ ಮೂರನೇ ಗೇರು ಹಾರತೊಡಗಿತು. ಹಾಕಿದರೆ ಕೂರುತ್ತಿತ್ತು, ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿದ ಕೂಡಲೇ ಟಕ್ಕೆಂದು ನ್ಯೂಟ್ರಲ್ಲಿಗೆ ಬರುತ್ತಿತ್ತು. "ಹಿಡಕೋ ಇದನ್ನ" ಎಂದು ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದೆ. ಅವಳು ಗೇರಿನ ಕೋಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು. ನಾನು ಗೇರು ಬದಲಿಸುವಾಗ ಬಿಡುವುದು, ಆಮೇಲೆ ಮತ್ತೆ ಹಿಡಿಯುವುದು.

ಅವಳ ತವರಿನಿಂದ ಉದಗೀರದ ನಮ್ಮ ಮನೆಗೆ ಹೊರಟಿದ್ದೆವು. ಕೆಲ ವರ್ಷಗಳ ಹಿಂದಿನ ಭೂಕಂಪದಲ್ಲಿ ಆ ತವರುಮನೆಯ ಮಣ್ಣಿನ ಮಾಳಿಗೆ ಅವಳ ತಾಯಿಯ ಮೇಲೆ ಕುಸಿದಿತ್ತು. ಅಂದಿನಿಂದ ಇವಳು ಮಾಳಿಗೆಯ ಕೆಳಗೆ ಮಲಗಿದವಳಲ್ಲ. ಉದಗೀರದಲ್ಲಿ ನಮ್ಮ ಗೋಡೆ ಬರೀ ಬಿರುಕು ಬಿಟ್ಟಿತ್ತು. ಮೊದಮೊದಲು ಓಣಿಯವರೆಲ್ಲ ಅಂಗಳದಲ್ಲೇ ಮಲಗುತ್ತಿದ್ದರು, ಬರಬರುತ್ತ ಎಲ್ಲರೂ ಒಳಗೆ ಹೋದರು. ಇವಳು ಮಾತ್ರ ಬೇಸಿಗೆಯಲ್ಲಿ ಅಂಗಳದ ಹಗ್ಗದ ಮಂಚದ ಮೇಲೆ, ಮಳೆಗಾಲದಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ. ಎಷ್ಟು ಸಲ ಕರೆದರೂ ಒಂದೇ ಉತ್ತರ: "ಗಾಡಿ ಮ್ಯಾಲ ಮಣ್ಣಿಲ್ರೀ." ನನಗೆ ಸಿಟ್ಟು ಬರುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಆದರೆ ಅವಳಿಗೆ ನಿದ್ದೆ ಬರುವ ಒಂದೇ ಜಾಗ ಅದು ಎಂಬುದೂ ಗೊತ್ತಿತ್ತು.

ಮೃಗಶಿರ ಮಳೆಯ ಮೋಡ ಆಗಲೇ ಕಟ್ಟುತ್ತಿತ್ತು. ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟರೆ ಇವಳು ಎಲ್ಲಿ ಮಲಗಬೇಕು? ಬಿಡದೆ ಇದ್ದರೆ ಇನ್ನೆಷ್ಟು ಮೈಲಿ ಓಡೀತು?

ಉಮರ್ಗಾದ ಹೈವೇ ಬದಿಯ ಮಿಸ್ತ್ರಿ ಕಾರಿನ ಒಳಗೆ ಇಣುಕಲೂ ಇಲ್ಲ. ಲಾರಿಯ ಕೆಳಗಿಂದ ಬರೀ ತಲೆ ಹೊರಗೆ ಹಾಕಿ, "ಗುಜರಿದೊಂದು ಗೇರ್ ಡಬ್ಬಾ ಅದ, ಅದೇ ಕೂಡಸ್ತೀನಿ. ನಿಮ್ಮದು ಇಲ್ಲೇ ಬಿಟ್ಟು ಹೋಗ್ರಿ" ಎಂದ. ನಮ್ಮದಕ್ಕೆ ಏನಾಗಿದೆ ಎಂದು ನೋಡದವನು ಬೇರೆಯದನ್ನು ಏನು ನೋಡಿ ಕೂಡಿಸುತ್ತಾನೆ? ನಾನು ಗಾಡಿ ತಿರುಗಿಸಿದೆ.

ನಿಲಂಗಾದಲ್ಲಿ ಇನ್ನೊಬ್ಬ. ಮಾತು ಬೆಣ್ಣೆ. ಆದರೆ ಅವನ ಸೀಮೆಎಣ್ಣೆ ತಟ್ಟೆಯಲ್ಲಿ ಎರಡು ಮೂರು ಗಾಡಿಗಳ ಹಲ್ಲುಚಕ್ರಗಳು ಒಟ್ಟಿಗೆ ಬಿದ್ದಿದ್ದವು. ಯಾರದ್ದು ಯಾವುದು ಎಂದು ಕೇಳಿದರೆ ನಕ್ಕ. "ಗಾಡಿ ಇಥಂಚ್ ಸೋಡಾ ಸಾಹೇಬ, ಇಲ್ಲೇ ಬಿಡ್ರಿ, ಚಿಂತಿ ಮಾಡಬ್ಯಾಡ್ರಿ."

"ಗಾಡಿ ಬಿಡೂದಿಲ್ಲ" ಎಂದಳು ಹೆಂಡತಿ, ಕಿಟಕಿಯಿಂದಲೇ.

"ಹಂಗಾರ ತಲಿ ಮ್ಯಾಲ ಹೊತಗೊಂಡು ನಡಿ" ಎಂದು ಜನರ ಮುಂದೆಯೇ ರೇಗಿದೆ. ಅವಳು ಮತ್ತೆ ಗೇರಿನ ಕೋಲು ಹಿಡಿದುಕೊಂಡಳು. ಗೇರ್‌ಬಾಕ್ಸಿನ ಬೇರಿಂಗು ಉದಗೀರದವರೆಗೂ ಗುರುಗುಟ್ಟಿತು.

ಉದಗೀರದ ಸ್ಟೇಷನ್ ರಸ್ತೆಯಲ್ಲಿ ತಗಡಿನ ಪತ್ರಾ ಹೊದಿಸಿದ ಒಂದು ಗ್ಯಾರೇಜು. ಅಲ್ಲಿಯ ಮುದುಕ ಮಿಸ್ತ್ರಿ ಬಾಯಿ ಹರಕ, ಆ ಕಾರಣಕ್ಕೇ ನಾನು ಅಲ್ಲಿಗೆ ಹೋಗುತ್ತಿರಲಿಲ್ಲ. ನಾನು ಸ್ಟಿಯರಿಂಗ್ ಹಿಡಿದು, ಇವಳು ಗೇರು ಹಿಡಿದು ಒಳಗೆ ಬಂದದ್ದನ್ನು ನೋಡಿ ಅವನು ಬೈಯತೊಡಗಿದ.

"ಹಿಡದು ಹಿಡದೇ ಗೇರ್ ಸರಸೂ ಫೋರ್ಕ್ ಸವಸೀರಿ. ಗಾಡಿಗೆ ಇಬ್ಬರು ಡ್ರೈವರ್ ಏನ್ರೀ?"

ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದ್ದು ನಮ್ಮ ಕಣ್ಣೆದುರಿಗೇ. ಒಂದೊಂದು ಹಲ್ಲುಚಕ್ರವನ್ನೂ ತೆಗೆದ ಕ್ರಮದಲ್ಲೇ ತಂತಿಗೆ ಪೋಣಿಸಿ, ನಮ್ಮದೇ ಕಾರಿನ ಒರೆಸುವ ಬಟ್ಟೆಯ ಚೂರನ್ನು ಅದಕ್ಕೆ ಗುರುತು ಕಟ್ಟಿ, ಮೊಳೆಗೆ ತೂಗುಹಾಕಿದ. ನನಗೆ ಸ್ವಲ್ಪ ಉಸಿರು ಬಂತು. ಅಷ್ಟರಲ್ಲಿ ಅವನು, "ಬೇರಿಂಗ್ ಹೈದರಾಬಾದಿನಿಂದ ಬರಬೇಕು. ಅಲ್ಲೀತನಾ ಗಾಡಿ ಇಲ್ಲಿ ಬ್ಯಾಡ, ನನಗ ಜಾಗಾ ಇಲ್ಲ. ಡಬ್ಬಾ ಇರ್ಲಿ, ಗಾಡಿ ಮನಿಗಿ ಒಯ್ರಿ" ಎಂದ.

ಹೆಂಡತಿ ಅವತ್ತು ಮೊದಲ ಸಲ ನಕ್ಕಳು. ಗೇರ್‌ಬಾಕ್ಸಿನ ಆಧಾರ ತಪ್ಪಿದ ಇಂಜಿನ್ನಿನ ಕೆಳಗೆ ಮರದ ತುಂಡು ಕಟ್ಟಿಸಿ, ಬಾಡಿಗೆ ಜೀಪಿಗೆ ಹಗ್ಗ ಹಾಕಿ ಕಾರನ್ನು ಮನೆಗೆ ಎಳೆಸಿದೆವು.

ಬೇರಿಂಗು ಬರಲಿಲ್ಲ, ಮಳೆ ಬಂತು. ಯಾವ ಊರಿಗೂ ಹೋಗಲಾರದೆ ನನಗೆ ಕಾಲು ತುರಿಸುತ್ತಿತ್ತು. ದಿನಾ ಗ್ಯಾರೇಜಿಗೆ ಹೋಗಿ ಮೊಳೆಯ ಮೇಲಿನ ನಮ್ಮ ಬಟ್ಟೆಚೂರು ನೋಡಿ ಬೈಸಿಕೊಂಡು ಬರುತ್ತಿದ್ದೆ. ಒಂದು ಸಂಜೆ ಊಟವಾದ ಮೇಲೆ ಜೋರು ಮಳೆ. ಅವಳು ಆಗಲೇ ಕಾರಿಗೆ ಹೋಗಿದ್ದಳು. ನಾನು ಮನೆಯೊಳಗೆ ಅಡ್ಡಾಡಿದೆ, ಕೂತೆ, ಎದ್ದೆ. ಮಾಳಿಗೆ ಎಲ್ಲೋ ಒಂದು ಕಡೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಅಂಗಳ ದಾಟಿ, ಡ್ರೈವರ್ ಸೀಟಿನಲ್ಲಿ ಕೂತೆ.

ಕೂತ ಕೂಡಲೇ ಎಡಗೈ ತಾನಾಗಿ ಗೇರಿನ ಕಡೆಗೆ ಹೋಯಿತು. ಅಲ್ಲಿ ಕೋಲಿರಲಿಲ್ಲ, ಹಳೆ ಚಿಂದಿ ತುರುಕಿದ ತೂತಿತ್ತು.

"ಎಲ್ಲಿಗಿ ಹೊಂಟೀರಿ?" ಎಂದಳು ಹಿಂದಿನಿಂದ.

"ಎಲ್ಲಿಗೂ ಇಲ್ಲ."

"ಹಂಗಾರ ಬಾಗಲಾ ಹಾಕ್ರಿ. ಮಳಿ ಒಳಗ ಬರ್ಲಿಕತ್ತದ."

ಹಾಕಿದೆ. ಅವಳು ತನ್ನ ಎರಡು ಕೌದಿಗಳಲ್ಲಿ ಒಂದನ್ನು ಮುಂದಿನ ಸೀಟಿಗೆ ಎಸೆದಳು. ಭೂಕಂಪ ಆದಮೇಲೆ ನಾವಿಬ್ಬರೂ ಒಂದೇ ಸೂರಿನ ಕೆಳಗೆ ಮಲಗಿದ್ದು ಅದೇ ಮೊದಲು.