ನೀಲವ್ವತ್ತಿ ಆರಿಸಿದ ಬಾಗಿಲು

ನೀಲವ್ವತ್ತಿಗೆ ಒಂದು ವಸ್ತು ಮನಸ್ಸಿಗೆ ಬಂತೆಂದರೆ ಸಾಕು, ಅದಕ್ಕೆ ಬೈಗುಳ ಶುರು. ಸಂತೆಯಲ್ಲಿ ಎಳೆ ಬದನೆಕಾಯಿ ಕಂಡರೆ "ಏನ ಸೊಟ್ಟ ಮಾರಿ ಅದಾವ ಇವು!" ಎನ್ನುತ್ತಲೇ ಉಡಿ ತುಂಬಿಕೊಳ್ಳುವಳು. ಹಾಲು ಕೊಡುವ ಎಮ್ಮೆಯ ಬೆನ್ನು ಚಪ್ಪರಿಸಿ "ದಂಡಪಿಂಡ, ಬರೇ ತಿನ್ನಾಕ ಬಂದೈತಿ" ಎನ್ನುವಳು. ಹೊಗಳಿದರೆ ದೃಷ್ಟಿಯಾಗುತ್ತದಂತೆ. ನನ್ನನ್ನು ಹುಟ್ಟಿದಾಗಿನಿಂದ "ಕಾಗಿ" ಎಂದೇ ಕರೆದಳು. ಕನ್ನಡಿ ನೋಡಿಕೊಂಡು ಎಷ್ಟು ಅತ್ತಿದ್ದೇನೋ ಏನೋ. ಅದು ಮುದ್ದು ಎಂದು ತಿಳಿಯಲು ನಾನು ಕಾಲೇಜಿನ ಮೆಟ್ಟಿಲು ಹತ್ತಬೇಕಾಯಿತು.

ಅವಳು ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಶಲವಡಿಯ ತವರಿಗೆ ಬಂದು, ತಾಯಿ ಇಲ್ಲದ ಇಬ್ಬರು ತಮ್ಮಂದಿರನ್ನು ಸಾಕಿದಳು. ಹಿರಿಯವನು ದೊಡ್ಡಪ್ಪ ಬಸಪ್ಪ, ಕಿರಿಯವನು ಅಪ್ಪ ಈರಪ್ಪ. ಅವರ ಮೀಸೆ ನರೆತ ಮೇಲೂ ಅವಳ ಬಾಯಲ್ಲಿ ಬಸ್ಯಾ, ಈರ್ಯಾ ಅಷ್ಟೇ.

ಎಂಬತ್ತರ ದಶಕದಲ್ಲಿ ಈ ಬಸ್ಯಾ, ಈರ್ಯಾ ಬೇರೆಯಾದರು. ಹೊಲ, ಎತ್ತು, ಹಂಡೆ, ಕೊಡ ಎಲ್ಲ ಹಂಚಿಕೆಯಾಯಿತು. ಉಳಿದದ್ದು ಮನೆಯ ಉದ್ದನೆಯ ಪಡಸಾಲೆ. ಬೀದಿಗೆ ಎರಡು ಬಾಗಿಲು ಮೊದಲೇ ಇದ್ದವು, ನಡುವೆ ಒಂದು ಗೋಡೆ ಎಬ್ಬಿಸಿದರೆ ಮುಗಿಯಿತು ಎಂದರು ಪಂಚರು. ಅಷ್ಟು ಹೊತ್ತು ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದ ಅತ್ತೆ ಎದ್ದು ಬಂದಳು.

"ಗ್ವಾಡಿ ಕಟ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಯಾವ ಬಾಜೂ ಇಟ್ಟು ಕಟ್ಟತೀರಿ? ಅದನ್ನಷ್ಟ ಹೇಳ್ರಿ."

ಅವಳಿಗೂ ಒಂದು ಪಾಲು ಎಂಬುದು ಅಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಅವಳು ಕೇಳಿದ್ದೂ ಪಾಲನ್ನಲ್ಲ. "ಅಂಗಡಿಗೆ ಹಾಕತಾರಲಾ, ಅಂಥಾ ಮಡಚೂ ಬಾಗಲಾ ನಡುವ ಹಾಕಸ್ರಿ. ಮದಿವಿ, ಕುಬಸದ ಕಾರ್ಯ ಬಂದ್ರ ಮಡಚಿ ಇಡೂಣು. ಮಾರಿ ನೋಡೂ ಮನಸ ಇರಲಿಲ್ಲಂದ್ರ ಮುಚ್ಚಿಕೋರಿ. ನಾ ಮಾತ್ರ ಎರಡೂ ಕಡಿ ತಿರಗ್ಯಾಡಾಕಿನ."

ಬಾಗಿಲು ಆರಿಸಲು ಹುಬ್ಬಳ್ಳಿಗೆ ಹೊರಟೆವು. ಬಸ್ಸಿನಲ್ಲಿ ದೊಡ್ಡಪ್ಪ ಮುಂದೆ, ಅಪ್ಪ ಹಿಂದೆ, ನಡುವಿನ ಸೀಟಿನಲ್ಲಿ ಅತ್ತೆ ಮತ್ತು ನಾನು. ದೊಡ್ಡಪ್ಪನ ಕಣ್ಣು ಕಬ್ಬಿಣದ ಜಾಳಿಗೆ ಗೇಟಿನ ಮೇಲೆ ಬಿತ್ತು. ಅತ್ತೆ ಅದನ್ನು ಒಮ್ಮೆ ಎಳೆದು ನೋಡಿ, "ಈ ಕಡಿ ಕುಂತವ ಆ ಕಡಿ ಕುಂತವನ್ನ ಜೇಲಿನ್ಯಾಗ ಕಂಡಂಗ ನೋಡಬೇಕೇನ?" ಎಂದಳು. ಅಪ್ಪ ಹಗುರವಾದ ಪ್ಲೈವುಡ್ ತೋರಿಸಿದ. "ಇದ ಬಾಗಲಾನೋ, ಹಪ್ಪಳಾನೋ?" ಕೊನೆಗೆ, ಕೆಡವಿದ ಒಂದು ಅಂಗಡಿಯಿಂದ ಬಂದ ಹಳೆಯ ಸಾಗವಾನಿ ಬಾಗಿಲು ಮೂಲೆಯಲ್ಲಿ ಕಂಡಿತು. ನಾಲ್ಕು ಹಲಗೆ, ಒಂದಕ್ಕೊಂದು ಕೀಲು. ಅತ್ತೆ ಅದರ ಮೈಮೇಲೆ ಕೈಯಾಡಿಸಿದಳು. "ಥೂ, ಏನ ಕರೀ ಮಾರಿನೋ ಇದರದು! ಗೆದ್ದಲ ಸೈತ ಮೂಸಿಲ್ಲ ಇದನ್ನ!" ಅಂಗಡಿಯವನು ಪೆಚ್ಚಾದ. ಅಪ್ಪನೂ ದೊಡ್ಡಪ್ಪನೂ ಒಬ್ಬರ ಮುಖ ಒಬ್ಬರು ನೋಡಿ ಗೊಳ್ಳನೆ ನಕ್ಕರು. ಅಕ್ಕನಿಗೆ ಬಾಗಿಲು ಒಪ್ಪಿಗೆಯಾಯಿತೆಂದು ಇಬ್ಬರಿಗೂ ಗೊತ್ತಾಗಿತ್ತು. ಅವರಿಬ್ಬರೂ ಕೂಡಿ ನಕ್ಕದ್ದನ್ನು ನಾನು ಆಮೇಲೆ ಕಂಡಿಲ್ಲ.

ಕೂಡ್ರಿಸುವ ದಿನ ಊರ ಬಡಿಗೇರ ಕೇಳಿದ, "ಯವ್ವಾ, ಚಿಲಕಾ ಯಾವ ಬಾಜೂ ಬಡೀಲ್ರಿ?"

"ನಮ್ಮ ಕಡಿ" ಎಂದ ದೊಡ್ಡಪ್ಪ.

"ಅಂದ್ರ ನೀ ತಗದ್ರ ತಗೀಬೇಕು, ಹಾಕಿದ್ರ ಹಾಕಬೇಕು, ಹೌದಿಲ್ಲೋ?" ಎಂದ ಅಪ್ಪ.

ಮತ್ತೆ ಜಗಳ ಹೊತ್ತಿಕೊಳ್ಳುವುದರಲ್ಲಿತ್ತು. ಅತ್ತೆ ಕೈ ಎತ್ತಿದಳು. "ಎರಡೂ ಬಾಜೂ ಬಡಿಯಪಾ. ಒಬ್ಬಗ ಕೊಟ್ಟು ಒಬ್ಬಗ ಬಿಡೂದು ನನಗ ರೂಢಿ ಇಲ್ಲ. ಸಣ್ಣವರಿದ್ದಾಗ ಬೆಲ್ಲದ ಚೂರ ಸೈತ ಸರಿಸಮ ಮಾಡಿ ಕೊಟ್ಟೀನಿ ಇವರಿಗೆ." ಎಲ್ಲರಿಗೂ ಅದೇ ನ್ಯಾಯವೆನಿಸಿತು.

ಆ ವರ್ಷದ ಪಂಚಮಿಗೆ ಬಾಗಿಲು ಮಡಚಿಟ್ಟು ಎರಡೂ ಮನೆಯವರು ಕೂಡಿ ಉಂಡೆ ಕಟ್ಟಿದೆವು. ಮುಂದೆ ಹೊಲದ ಬದುವಿನ ಜಗಳ ಬಂತು. ಯಾರ ನೇಗಿಲು ಯಾರ ಬದು ಹರಿಯಿತೋ, ಆ ದರಿದ್ರ ಬದು ಮಣ್ಣಾಗ ಹೋಗಲಿ! ಒಂದು ಮಧ್ಯಾಹ್ನ ಆಚೆಯಿಂದ ಚಿಲಕ ಬಿದ್ದ ಸದ್ದಾಯಿತು. ಉಣ್ಣುತ್ತಿದ್ದ ಅಪ್ಪ ಎಂಜಲು ಕೈಯಲ್ಲೇ ಎದ್ದು ತನ್ನದನ್ನೂ ಹಾಕಿದ. ಅತ್ತೆ ನಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಹಾಸಿಗೆ, ಟ್ರಂಕು ದೊಡ್ಡಪ್ಪನ ಕಡೆ ಇದ್ದವು.

ಅಂದಿನಿಂದ ಅವಳು ಬೀದಿಯಿಂದ ಸುತ್ತಿ ಬರತೊಡಗಿದಳು. ತಮ್ಮನ ಮನೆಯಿಂದ ತಮ್ಮನ ಮನೆಗೆ ಬೀದಿ ಹಿಡಿದು ಹೋಗುವುದು ಅವಳಿಗೆ ಸಾಯುವಷ್ಟು ನಾಚಿಕೆ. ಕಟ್ಟೆಯ ಮೇಲಿನ ಮಂದಿ ಯಾಕೆಂದು ಕೇಳಬಾರದೆಂದು, ಏನೋ ತರಲು ಹೊರಟವಳಂತೆ ಕೈಯಲ್ಲಿ ಸುಮ್ಮನೆ ಒಂದು ತಂಬಿಗೆ ಹಿಡಿದಿರುತ್ತಿದ್ದಳು. "ಇಬ್ಬರಿಗೂ ನಾಕ ಬೈದು ತಗಸಬಾರದೇನ ಅತ್ತಿ?" ಎಂದು ನಾನು ರೇಗಿದೆ.

"ಬೈದೇನವಾ, ಕಾಗಿ. ಆವ ತಗೀಲಿ ಅಂತ ಈವ, ಈವ ತಗೀಲಿ ಅಂತ ಆವ. ಒಂದ ಚಿಲಕಾ ಇದ್ದಿದ್ರ ಒಬ್ಬನ ಕಾಲ ಹಿಡೀತಿದ್ದೆ. ಎರಡ ಬಡಿಸಿದಾಕಿ ನಾನ ಅಲಾ! ಇಬ್ಬರ ಮನಸೂ ಒಂದ ದಿನಾನ ಕರಗಬೇಕು ಅಂತ ನನ್ನ ಹಾಳ ತಲಿಗೆ ಹೊಳೀಲಿಲ್ಲ ನೋಡು."

ಬೈಯುವುದು ಕಡಿಮೆಯಾಯಿತು. ಎಮ್ಮೆಗೆ "ಚೊಲೋ ಹಾಲ ಕೊಡತೈತಿ" ಎಂದು ಅವಳು ಹೇಳಿದ್ದು ಕೇಳಿ, ಜ್ವರವೇನೋ ಎಂದು ನಾನು ಅವಳ ಹಣೆ ಮುಟ್ಟಿ ನೋಡಿದೆ.

ಆ ಚಳಿಗಾಲ ದೊಡ್ಡಪ್ಪನ ಕಡೆ ಅವಳು ಹಾಸಿಗೆ ಹಿಡಿದಳು. ನಾನೂ ಅವ್ವನೂ ಬೀದಿಯಿಂದ ಹೋಗಿ ಬರುತ್ತಿದ್ದೆವು, ಅಪ್ಪ ಹೋಗಲಿಲ್ಲ. ಒಂದು ಸಂಜೆ ಬಾಗಿಲಾಚೆಯಿಂದ "ಈರ್ಯಾ" ಎಂದು ಕರೆದಳು. ಆಮೇಲೆ ದೊಡ್ಡಪ್ಪ ತನ್ನ ಚಿಲಕ ತೆಗೆದ ಸದ್ದು ನಮಗೆಲ್ಲ ಕೇಳಿಸಿತು. ಅವ್ವ ಎದ್ದಳು. "ಕುಂದ್ರು! ಬಾಗಲಾ ಮೊದಲ ಹಾಕಿದಾವ ಬಾಯಿ ಬಿಟ್ಟ ಕರೀಲಿ" ಎಂದ ಅಪ್ಪ. ದೊಡ್ಡಪ್ಪ ಬಾಯಿ ಬಿಡಲಿಲ್ಲ. ಎಂಥ ಮಂದಿ ಇವರು!

ಬೆಳಗಾಗುವಷ್ಟರಲ್ಲಿ ಅತ್ತೆ ಹೋಗಿದ್ದಳು.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡ್ರಿಸುತ್ತಾರೆ. ದೊಡ್ಡಪ್ಪನ ಪಾಲಿನ ಅರ್ಧ ಪಡಸಾಲೆಯಲ್ಲಿ ಗೋಡೆಗುಂಟ ಜೋಳದ ಚೀಲಗಳಿದ್ದವು. ಖಾಲಿ ಇದ್ದದ್ದು ಬಾಗಿಲೊಂದೇ. ಆಚೆ ಭಜನೆ ಶುರುವಾಯಿತು. ಬೀದಿಯಿಂದ ಬಾ ಎಂದು ಹಿರಿಯರು ಬಂದು ಕರೆದರೂ ಅಪ್ಪ ಕದಲಲಿಲ್ಲ, ಬಾಗಿಲನ್ನೇ ನೋಡುತ್ತ ಕೂತಿದ್ದ. ಇದ್ದಕ್ಕಿದ್ದಂತೆ ಎದ್ದು ಹೋಗಿ ಚಿಲಕ ಎಳೆದ. ನಮ್ಮ ಕಡೆ ಮಡಚುವ ಹಲಗೆಗಳು ಮೆಲ್ಲಗೆ ಅಲುಗಿದವು.

ಆಚೆಯಿಂದ ದೊಡ್ಡಪ್ಪ ಚೀರಿದ. "ಎಳೀಬ್ಯಾಡೋ ತಮ್ಮಾ! ಅಕ್ಕ ಒರಗ್ಯಾಳೋ, ಬೀಳತಾಳ!"

ಅಪ್ಪ ಎರಡೂ ಅಂಗೈ ಬಾಗಿಲಿಗೆ ಒತ್ತಿ ಹಿಡಿದ. ಭಜನೆ ಮುಗಿದು ಅವಳನ್ನು ಎತ್ತುವವರೆಗೂ ಹಾಗೆಯೇ ಹಿಡಿದುಕೊಂಡು ನಿಂತಿದ್ದ.