ಡ್ರೈವರನ ಸಂಜೆ ಪಾಳಿ

ಬಸ್ಸು ಓಡಿಸಿ ನಿವೃತ್ತನಾದ ಗಂಡನಿಗೆ ಮರೆವಿನ ಕಾಯಿಲೆ ಬಂದಮೇಲೆ ಹೆಂಡತಿಗೆ ಸಂಜೆಯೆಂದರೆ ಎದೆ ಡವಡವ. ಬಿಸಿಲು ಇಳಿಯುತ್ತಲೇ ಅವನು ಅಂಗಿಯ ಗುಂಡಿ ಹಾಕಿಕೊಂಡು ಬಾಗಿಲಿಗೂ ಕಿಟಕಿಗೂ ಸುತ್ತತೊಡಗುತ್ತಿದ್ದ.

“ಪಾಳಿಗೆ ಹೊತ್ತಾಯ್ತು, ಬಿಡೆ.”

“ಯಾವ ಪಾಳಿ ರೀ? ನೀವು ಕೆಲಸ ಬಿಟ್ಟು ಎಷ್ಟು ಕಾಲ ಆಯ್ತು!”

ಹಾಗೆ ಹೇಳಿದಷ್ಟೂ ಅವನ ಸಿಟ್ಟು ನೆತ್ತಿಗೇರುತ್ತಿತ್ತು. ವಾದಿಸಿ ವಾದಿಸಿ ಅವಳಿಗೂ ಗಂಟಲು ಒಣಗುತ್ತಿತ್ತು.

ಒಂದು ಸಂಜೆ ಅವಳು ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಬಾಗಿಲು ಹಾರುಹೊಡೆದಿತ್ತು. ಬರಿಗಾಲಲ್ಲೇ ಓಡಿದಳು. ಅವನು ಓಣಿ ದಾಟಿ, ಲಾರಿಗಳು ನುಗ್ಗುವ ದೊಡ್ಡ ರಸ್ತೆಗೆ ಇನ್ನೇನು ಕಾಲಿಡಲಿದ್ದ. “ರೀ, ನಿಲ್ರೀ!” ಎಂದು ಕೂಗಿದಳು. ಅವನು ತಿರುಗಿಯೂ ನೋಡಲಿಲ್ಲ. ಹೆಂಡತಿಯ ಮಾತಿಗೆ ಯಾವತ್ತು ತಾನೇ ನಿಂತಿದ್ದ? ಅವನನ್ನು ನಿಲ್ಲಿಸುತ್ತಿದ್ದುದು ಕಂಡಕ್ಟರನ ದನಿಯೊಂದೇ. ಅವಳೂ ಅವನ ಬಸ್ಸಿನಲ್ಲಿ ಓಡಾಡಿ ಆ ಕೂಗು ಕೇಳಿದವಳೇ. ಅದು ಹೊಳೆದದ್ದೇ ತಡ, ಹೊಟ್ಟೆಯಿಂದ ದನಿ ತೆಗೆದು “ಹೋಲ್ಡಾನ್!” ಎಂದು ಅರಚಿದಳು.

ಬ್ರೇಕು ಒತ್ತಿದವನಂತೆ ಅವನು ಬಲಗಾಲು ಊರಿ ನಿಂತುಬಿಟ್ಟ.

ಏದುಸಿರು ಬಿಡುತ್ತ ಪಕ್ಕಕ್ಕೆ ಹೋಗಿ ಅವನ ತೋಳು ಹಿಡಿದಳು. ನಾಲಿಗೆಯ ತುದಿಗೆ ಬಂದಿದ್ದ ಬೈಗುಳವನ್ನು ನುಂಗಿಕೊಂಡಳು. “ಮುಂದೆ ರಸ್ತೆ ಬಂದ್ ಡ್ರೈವರ್ರೇ. ಗಾಡಿ ತಿರುಗಿಸಿ.”

“ಮೊದ್ಲೇ ಹೇಳೋದಲ್ವೇನಪ್ಪಾ?” ಎಂದು ಗೊಣಗುತ್ತಲೇ ಅವನು ತಿರುಗಿದ.

ಮನೆ ಬಾಗಿಲಲ್ಲಿ ನಿಂತು ಕೇಳಿದ: “ಎಲ್ಲಾ ಇಳಿದ್ರಾ?”

“ನಾನೊಬ್ಳು ಇದೀನಿ.”

“ನೀವೂ ಇಳ್ಕೊಳ್ಳಿ ತಾಯಿ. ನಾನಿನ್ನೊಂದು ಟ್ರಿಪ್ ಹೋಗ್ಬೇಕು.”

 ಅವಳು ಅವನ ತೋಳು ಬಿಡಲಿಲ್ಲ.

“ನನ್ನ ಸ್ಟಾಪ್ ಇನ್ನೂ ಬಂದಿಲ್ಲ ಡ್ರೈವರ್ರೇ, ಒಳಗೆ ನಡೀರಿ” ಎಂದಳು.