ತಮ್ಮನಿಗೊಂದು ತಡೆಯಾಜ್ಞೆ

ಮಣಿಪಾಲದಲ್ಲಿ ನಾನು ಬಹಳ ವರ್ಷ ಜರ್ಮನ್ ಕಲಿಸಿದೆ. ಕಲಿಯಲು ಬರುತ್ತಿದ್ದವರು ಹೆಚ್ಚಾಗಿ ಜರ್ಮನಿಗೆ ನರ್ಸಿಂಗ್ ಕೆಲಸಕ್ಕೆ ಹೊರಟವರು. ಹಾಗಾಗಿ ನನ್ನದು ಆಸ್ಪತ್ರೆಯ ಜರ್ಮನ್, ಕೋರ್ಟಿನದ್ದಲ್ಲ.

ಇಲ್ಲಿ ಓದಲು ಬಂದು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಅಫ್ಘಾನ್ ಹುಡುಗಿ ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ತಮ್ಮ ಜರ್ಮನಿಯಲ್ಲಿ ಆಶ್ರಯ ಕೇಳಿದ್ದ. ಆದರೆ ದಾರಿಯಲ್ಲಿ ಸಿಕ್ಕ ಯುರೋಪಿನ ಇನ್ನೊಂದು ದೇಶ ಅವನ ಬೆರಳಚ್ಚು ಮೊದಲೇ ತೆಗೆದುಕೊಂಡಿತ್ತು. ಮೊದಲು ಕಾಲಿಟ್ಟ ದೇಶವೇ ಅರ್ಜಿ ನೋಡಬೇಕೆಂಬುದು ಅಲ್ಲಿಯ ನಿಯಮವಂತೆ. ಅವನನ್ನು ಆ ದೇಶಕ್ಕೆ ವಾಪಸು ಕಳಿಸಲು ಆದೇಶವಾಗಿತ್ತು. ವಕೀಲೆಯೊಬ್ಬರು ತಡೆಯಾಜ್ಞೆಗೆ ಅರ್ಜಿ ಹಾಕಿದ್ದರು.

"ವಕೀಲರು ಈಗ ಫೋನ್ ಮಾಡ್ತಾರೆ ಆಂಟಿ. ಅವರ ಇಂಗ್ಲಿಷ್ ನನಗೆ ಅರ್ಥ ಆಗುವುದಿಲ್ಲ. ನೀವು ಪಕ್ಕದಲ್ಲಿ ಇರ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅಲಸಂಡೆ ಮುರಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಎಂತ ಅಂತೆ?"

ಹೇಳಿದೆ.

"ಅದೂ ಯುರೋಪೇ ಅಲ್ವಾ? ಮತ್ತೆ ಎಂತ ಹೆದರಿಕೆ?"

ಫೋನಿನಲ್ಲಿ ವಕೀಲೆ ಕೇಳಿದ್ದೂ ಅದನ್ನೇ. "ಅಲ್ಲಿಗೆ ಹೋದರೆ ಅವನಿಗೇನು ಅಪಾಯ ಎಂದು ನ್ಯಾಯಾಧೀಶರು ಕೇಳುತ್ತಾರೆ. ಅವನು ಬಾಯಿ ಬಿಡುತ್ತಿಲ್ಲ. ಚಳಿ ಇತ್ತು ಅನ್ನುತ್ತಾನೆ, ಅಷ್ಟೇ. ಚಳಿಗೆ ತಡೆಯಾಜ್ಞೆ ಸಿಗುವುದಿಲ್ಲ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಹುಡುಗಿ ನೆಲ ನೋಡಿದಳು. ನಡೆದದ್ದು ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳಬಾರದೆಂದು ತಮ್ಮ ಆಣೆ ಹಾಕಿಸಿಕೊಂಡಿದ್ದ.

"ಅವನನ್ನೇ ಕೇಳು," ಎಂದೆ. "ವಕೀಲರು ಕಾಯ್ತಾರೆ."

ಅವಳು ನನ್ನ ಫೋನಿನಿಂದ ತಮ್ಮನಿಗೆ ಕರೆ ಮಾಡಿ ತನ್ನ ಭಾಷೆಯಲ್ಲಿ ಮಾತನಾಡಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ.

"ಹೇಳಬಹುದಂತೆ," ಎಂದಳು ಕೊನೆಗೆ. "ಆದರೆ ತಾನು ಕೇಳಿಸಿಕೊಳ್ಳುವುದಿಲ್ಲವಂತೆ. ಫೋನ್ ಇಟ್ಟ."

ಆ ದೇಶದಲ್ಲಿ, ಬೀಗ ಹಾಕಿದ ಶಿಬಿರ. ಹಿಮ ಬಿದ್ದ ಅಂಗಳ. ಕಾವಲುಗಾರರು ಹುಡುಗರ ಬಟ್ಟೆ ಬಿಚ್ಚಿಸಿ, ಸಾಲಾಗಿ ನಿಲ್ಲಿಸಿ, ನಾಯಿಗಳನ್ನು ಹತ್ತಿರಕ್ಕೆ ಬಿಡುತ್ತಿದ್ದರು. ತಮ್ಮನ ಪಕ್ಕದಲ್ಲಿದ್ದ ಗೆಳೆಯ ಬಿದ್ದವನು ಏಳಲಿಲ್ಲ. ಅವಳು ಒಂದೊಂದೇ ವಾಕ್ಯ ಹೇಳಿದಳು, ನಾನು ಜರ್ಮನ್‌ಗೆ ಅನುವಾದಿಸಿದೆ. ‘ಬಟ್ಟೆ ಬಿಚ್ಚಿ’ ಎನ್ನುವುದನ್ನು ನನ್ನ ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಕಲಿಸಿದ್ದೆ, ರೋಗಿಗಳಿಗೆ ಮೆಲ್ಲಗೆ ಹೇಳಲೆಂದು. ಆ ದಿನ ನನ್ನ ನಾಲಿಗೆ ಅಲ್ಲೇ ತಡವರಿಸಿತು. ವಕೀಲೆ ಅವಸರ ಮಾಡಲಿಲ್ಲ. ಇದನ್ನು ಅವನೇ ಬರೆದು ಸಹಿ ಮಾಡಬೇಕು ಎಂದರು. ಅವನು ಮಾಡಿದ.

ಆಮೇಲೆ ಕಾಯುವುದು. ಹುಡುಗಿ ಕ್ಲಾಸಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಊಟವೇ ಇಲ್ಲ. ಮಂಡಿನೋವಿನ ಅತ್ತೆ ಗಂಜಿ, ಚಟ್ನಿ ಹಿಡಿದು ಮೆಟ್ಟಿಲು ಹತ್ತಿದರು. "ಊಟ ಮಾಡು ಮಾರಾಯ್ತಿ. ನೀನು ಉಪವಾಸ ಕೂತರೆ ಕೋರ್ಟು ಬೇಗ ಹೇಳ್ತದಾ?" ಅವಳಿಗೆ ಭಾಷೆ ತಿಳಿಯದಿದ್ದರೂ ಬಟ್ಟಲು ತೆಗೆದುಕೊಂಡಳು.

ನಾನು ಕಾರ್ಕಳದ ಬಸ್ಸಿನಲ್ಲಿದ್ದಾಗ ಅವಳ ಮೆಸೇಜ್ ಬಂತು, ಹಿಂದೆಯೇ ಫೋನ್. "ಜರ್ಮನ್‌ನಲ್ಲಿ ಉಂಟು ಆಂಟಿ, ಕೋರ್ಟಿನ ಆದೇಶ. ನನಗೆ ಟ್ರಾನ್ಸ್‌ಲೇಟ್ ಮಾಡಿ ನೋಡಲು ಧೈರ್ಯ ಇಲ್ಲ." ಕುಲುಕುವ ಬಸ್ಸಿನಲ್ಲಿ ಎರಡು ಸಲ ಓದಿದೆ.

"ಕೇಸು ಮುಗಿಯುವವರೆಗೆ ಕಳಿಸುವ ಹಾಗಿಲ್ಲ."

"ಮುಗಿದ ಮೇಲೆ?"

"ಅದು ಗೊತ್ತಿಲ್ಲ ಮಗಾ."

ಅವಳು ಅತ್ತಳೋ ನಕ್ಕಳೋ, ಬಸ್ಸಿನ ಸದ್ದಿನಲ್ಲಿ ತಿಳಿಯಲಿಲ್ಲ.

ಕೆಲವು ತಿಂಗಳ ನಂತರ ಕೇಸೂ ಅವನ ಪರವಾಯಿತು. ಅವನ ಅರ್ಜಿಯನ್ನು ಜರ್ಮನಿಯೇ ವಿಚಾರಿಸಬೇಕಾಯಿತು. ಆ ದಿನ ಫೋನ್ ಇಟ್ಟಲ್ಲಿಂದ ಅಲ್ಲಿಯವರೆಗೂ ಅವನು ಅಕ್ಕನೊಂದಿಗೆ ಮಾತು ಬಿಟ್ಟಿದ್ದ. ಆಮೇಲೊಂದು ದಿನ ತಾನೇ ಫೋನ್ ಮಾಡಿ, ಬೇಕರಿಯಲ್ಲಿ ಕೆಲಸ ಸಿಕ್ಕಿದೆ ಎಂದನಂತೆ. ಆಶ್ರಯದ ತೀರ್ಮಾನ ಇನ್ನೂ ಆಗಿಲ್ಲ.